ಸೋಲಾರ್ ಪಾರ್ಕ್ ಕೊಟ್ಟ ಮೇಲೆ ಪಾವಗಡದ ಪಂಚಾಯಿತಿಗೆ ಹವಾಮಾನದ ಕೆಲಸ ಮುಗೀತಾ?

ಹೊಸಕೋಟೆ_ಹುಡುಗಿ
ಮೊನ್ನೆ ಪಾವಗಡ ತಾಲ್ಲೂಕಿನ ನಮ್ಮೂರ ಗ್ರಾಮಸಭೆಯಲ್ಲಿ ಮುಂದಿನ ವರ್ಷದ ಅಭಿವೃದ್ಧಿ ಯೋಜನೆ ಓದಿದರು. ಕೇಂದ್ರದ ಪಂಚಾಯತ್ ರಾಜ್ ಇಲಾಖೆ ಪಂಚಾಯಿತಿಗಳಿಗೆ ಕೊಟ್ಟಿರುವ ಒಂಬತ್ತು ವಿಷಯಗಳಲ್ಲಿ 'ಸ್ವಚ್ಛ ಮತ್ತು ಹಸಿರು ಗ್ರಾಮ' ಅಂತ ಒಂದಿದೆ. ಅದರ ಕೆಳಗೆ ನಮ್ಮವರು ಬರೆದಿದ್ದು ಎರಡೇ: ಚರಂಡಿ ಕ್ಲೀನಿಂಗ್, ಬೀದಿದೀಪ ಬದಲಾವಣೆ. ಕೆರೆಗೆ ನೀರು ಬರುವ ಕಾಲುವೆ, ಬೇಸಿಗೆಗೆ ಮೇವು, ಏಪ್ರಿಲ್-ಮೇ ಬಿಸಿಲಲ್ಲಿ ನರೇಗಾ ಕೂಲಿಯವರ ಕೆಲಸದ ಸಮಯ, ಇವೆಲ್ಲ ಯಾಕಿಲ್ಲ ಅಂತ ಕೇಳಿದೆ. "ಹವಾಮಾನಕ್ಕೆ ಸೋಲಾರ್ ಪಾರ್ಕ್ ಇದೆಯಲ್ಲಮ್ಮ, ಇಡೀ ದೇಶಕ್ಕೇ ನಮ್ಮ ತಾಲ್ಲೂಕು ಕೊಟ್ಟಿದೆ" ಅಂದರು. ಎಲ್ಲರೂ ನಕ್ಕರು. ಸಭೆ ಮುಗಿಯಿತು.

ಭೂಮಿ ಬಿಸಿಯಾಗುವುದನ್ನು ತಡೆಯಲು 2015ರಲ್ಲಿ ದೇಶಗಳ ನಡುವೆ ಪ್ಯಾರಿಸ್ ಒಪ್ಪಂದ ಆಯಿತು. 2030ರೊಳಗೆ ವಿದ್ಯುತ್ ಸಾಮರ್ಥ್ಯದ ಅರ್ಧ ಕಲ್ಲಿದ್ದಲು, ಎಣ್ಣೆ, ಗ್ಯಾಸ್ ಬಿಟ್ಟು ಬೇರೆ ಮೂಲದಿಂದ ಅಂತ 2022ರಲ್ಲಿ ಭಾರತ ಮಾತು ಕೊಟ್ಟಿತು. 2025ರಲ್ಲೇ ಅದನ್ನು ಮುಟ್ಟಿಯೂ ಆಯಿತು. ರಾಜ್ಯದ ಹತ್ತಿರವೂ ಒಂದು ಕ್ರಿಯಾಯೋಜನೆ ಇದೆ. ಎಲ್ಲಾ ಕಡೆ ಮೆಗಾವ್ಯಾಟ್ ಲೆಕ್ಕ. ಆದರೆ ಪಂಚಾಯಿತಿ, ತಾಲ್ಲೂಕು ಮಟ್ಟದಲ್ಲಿ ಬರಕ್ಕೂ ಬಿಸಿಲಿಗೂ ತಯಾರಾಗುವ ಕೆಲಸ ಯಾರದು? ಇಷ್ಟೇ ನನ್ನ ಪ್ರಶ್ನೆ. ಪಾರ್ಕ್ ಒಳ್ಳೆಯದೋ ಕೆಟ್ಟದ್ದೋ ಅಂತ ಅಲ್ಲ. ಪಾರ್ಕ್ ಬಂದ ಮೇಲೆ ಸೆಖೆ ಜಾಸ್ತಿ ಆಗಿದೆ ಅಂತ ಜನ ಹೇಳುತ್ತಾರೆ, ಅದು ಬೇರೆ ಮಾತು.

ಕರೆಂಟ್_ಕಂಡೋನು
"ಮೆಗಾವ್ಯಾಟ್ ಲೆಕ್ಕ" ಅಂತ ಅಷ್ಟು ಹಗುರವಾಗಿ ಹೇಳಬೇಡಿ ಮೇಡಂ. 2,050 ಮೆಗಾವ್ಯಾಟ್. ಸುಮಾರು 13,000 ಎಕರೆ. ತಿರುಮಣಿ, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು, ವಳ್ಳೂರು, ಈ ಐದು ಊರಿನ ರೈತರ ಜಮೀನು. ಒಂದು ಎಕರೆಯನ್ನೂ ಬಲವಂತವಾಗಿ ಸ್ವಾಧೀನ ಮಾಡಿಕೊಳ್ಳಲಿಲ್ಲ, ಬಾಡಿಗೆಗೆ ತಗೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಕಡಲೆಕಾಯಿ ಬಿತ್ತಿ ಬೀಜದ ದುಡ್ಡೂ ವಾಪಸ್ ಬಾರದ ನೆಲ ಅದು. ದೇಶದಲ್ಲಿ ಎಷ್ಟೋ ಕಡೆ ಭೂಮಿ ಜಗಳದಲ್ಲೇ ಯೋಜನೆ ಸತ್ತಿವೆ. ಇಲ್ಲಿ 2018ರ ಮಾರ್ಚ್‌ನಲ್ಲಿ ಉದ್ಘಾಟನೆ ಆಗಿ ಮುಂದಿನ ವರ್ಷದ ಕೊನೆಗೆ ಪೂರ್ತಿ ಸಾಮರ್ಥ್ಯ ಬಂತು. ಇದಕ್ಕಿಂತ ದೊಡ್ಡ ಹವಾಮಾನದ ಕೆಲಸ ತುಮಕೂರು ಜಿಲ್ಲೆಯಲ್ಲಿ ಯಾವುದಾಗಿದೆ, ಹೇಳಿ.

ಗಡಿನಾಡು_ರೈತ
"ಅದು ಬೇರೆ ಮಾತು" ಅಂತ ಪಕ್ಕಕ್ಕಿಟ್ಟುಬಿಟ್ಟಿರಲ್ಲ ತಾಯಿ, ಅದೇ ಮುಖ್ಯವಾದ ಮಾತು. ನನ್ನ ಹೊಲ ಪಾರ್ಕಿನ ಬೇಲಿಗೆ ಅಂಟಿಕೊಂಡಿದೆ. ಮಧ್ಯಾಹ್ನ ಆ ಕಡೆಯಿಂದ ಗಾಳಿ ಬೀಸಿದರೆ ಮುಖ ಸುಡುತ್ತದೆ. ಮೋಡ ಆಂಧ್ರದ ಕಡೆಯಿಂದ ದಟ್ಟವಾಗಿ ಬರುತ್ತದೆ, ಪ್ಯಾನೆಲ್ ಮೇಲೆ ಬಂದ ತಕ್ಷಣ ಚದುರಿಹೋಗುತ್ತದೆ. ಕಣ್ಣಾರೆ ನೋಡಿದ್ದೇನೆ. ಪಕ್ಕದ ಮಡಕಶಿರಾದಲ್ಲಿ ಮಳೆ, ನಮ್ಮಲ್ಲಿ ಬರೀ ಗುಡುಗು.

ತಿಪಟೂರು_ತೆಂಗು
ಹವಾಮಾನ ಕೆಡಿಸಿದ್ದು ಯಾರು ಅಂತ ಮೊದಲು ಕೇಳಿ. ಒಬ್ಬ ಅಮೆರಿಕನ್ನಿನ ಲೆಕ್ಕಕ್ಕೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಬರುತ್ತದೆ. ನಮ್ಮದು 2 ಟನ್ ಆಸುಪಾಸು. 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಹವಾಮಾನ ಸಮ್ಮೇಳನ ಸೇರಿದಾಗ ಶ್ರೀಮಂತ ದೇಶಗಳು ಬಡ ದೇಶಗಳಿಗೆ ವರ್ಷಕ್ಕೆ 100 ಬಿಲಿಯನ್ ಡಾಲರ್ ಕೊಡುತ್ತೇವೆ ಅಂದರು, 2020ಕ್ಕೆ ಕೊಡಬೇಕಿದ್ದು ಎರಡು ವರ್ಷ ತಡ ಆಯಿತು, ಅದರಲ್ಲೂ ಹೆಚ್ಚಿನದು ಸಾಲ. 2024ರಲ್ಲಿ ಬಾಕುವಿನ ಸಮ್ಮೇಳನದಲ್ಲಿ 2035ರ ಹೊತ್ತಿಗೆ 300 ಬಿಲಿಯನ್ ಅಂತ ಸುತ್ತಿಗೆ ಕುಟ್ಟಿದರು, ಭಾರತ ಅಲ್ಲೇ ಎದ್ದು ವಿರೋಧ ಮಾಡಿತು. 2025ರ ಜನವರಿಯಲ್ಲಿ ಟ್ರಂಪ್ ಬಂದು ಪ್ಯಾರಿಸ್ ಒಪ್ಪಂದದಿಂದಲೇ ಹೊರಗೆ ಅಂದ. ಅಂಥವರನ್ನು ಬಿಟ್ಟು ಪಾಪ ನಮ್ಮ ಪಂಚಾಯಿತಿಯ ಬೀದಿದೀಪ ಹಿಡಿದುಕೊಂಡಿದ್ದೀರಿ.

ಕರೆಂಟ್_ಕಂಡೋನು
@ಗಡಿನಾಡು_ರೈತ "ಮೋಡ ಚದುರಿಹೋಗುತ್ತದೆ"? ಅಣ್ಣ, ಮೋಡ ಇರುವುದು ಕಿಲೋಮೀಟರ್‌ಗಟ್ಟಲೆ ಮೇಲೆ. ಮಳೆ ತರುವ ಗಾಳಿ ಬಂಗಾಳ ಕೊಲ್ಲಿಯಿಂದಲೋ ಅರಬ್ಬೀ ಸಮುದ್ರದಿಂದಲೋ ಬರುತ್ತದೆ. 13,000 ಎಕರೆ ಅಂದರೆ ಐವತ್ತು ಚದರ ಕಿಲೋಮೀಟರ್ ಚಿಲ್ಲರೆ. ಅಷ್ಟು ಜಾಗ ನೋಡಿ ಮುಂಗಾರು ಹೆದರುತ್ತದಾ? ಪಾವಗಡದಲ್ಲಿ ವರ್ಷಕ್ಕೆ ಸರಾಸರಿ 600 ಮಿಲಿಮೀಟರ್ ಮಳೆಯೂ ಮುಟ್ಟುವುದಿಲ್ಲ. ಇದು ನಿಮ್ಮ ತಾತನ ಕಾಲದಿಂದಲೂ ಹೀಗೇ. ಮಳೆ ಬರುವುದಿಲ್ಲ ಅಂತಲೇ ಪಾರ್ಕನ್ನು ಅಲ್ಲಿ ಹಾಕಿದ್ದು. ಪಾರ್ಕ್ ಹಾಕಿದ್ದಕ್ಕೆ ಮಳೆ ಹೋಗಿದ್ದಲ್ಲ.

ಮಧುಗಿರಿ_ಮೇಷ್ಟ್ರು
ಮಳೆಯ ವಿಚಾರ ಬಿಡಿ. ಬಿಸಿಯ ವಿಚಾರದಲ್ಲಿ ರೈತರು ಹೇಳುವುದನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ. 2016ರಲ್ಲಿ ಅಮೆರಿಕದ ಅರಿಜೋನಾದಲ್ಲಿ ನಡೆದ ಅಧ್ಯಯನ ಒಂದಿದೆ. ಪ್ಯಾನೆಲ್ ಹಾಕಿದ ಜಾಗದಲ್ಲಿ ರಾತ್ರಿ ಹೊತ್ತು ಪಕ್ಕದ ಬಯಲಿಗಿಂತ 3ರಿಂದ 4 ಡಿಗ್ರಿ ಸೆಲ್ಸಿಯಸ್ ಜಾಸ್ತಿ ಇತ್ತು ಅಂತ ಅಳತೆ ಮಾಡಿ ತೋರಿಸಿದ್ದಾರೆ. ವಿಜ್ಞಾನ ಓದಿದವರು ಅದನ್ನೂ ಓದಬೇಕು.

ಗಡಿನಾಡು_ರೈತ
ನೋಡಿ! 4 ಡಿಗ್ರಿ! ಮೇಷ್ಟ್ರು ಹೇಳಿದ ಮೇಲೆ ಮುಗೀತು. ಪ್ಯಾರಿಸ್‌ನಲ್ಲಿ ಇಡೀ ಪ್ರಪಂಚ ಕೂತು ಒಂದೂವರೆ ಡಿಗ್ರಿ ದಾಟಬಾರದು ಅಂತ ಅಳುತ್ತಿದೆ. ನಮ್ಮೂರಿಗೆ ಒಂದೇ ಸಲಕ್ಕೆ 4 ಡಿಗ್ರಿ ತಂದು ಕೊಟ್ಟಿದ್ದಾರೆ.

ಕರೆಂಟ್_ಕಂಡೋನು
ಅಯ್ಯೋ. ಒಂದೂವರೆ ಡಿಗ್ರಿ ಅಂದರೆ ಇಡೀ ಭೂಮಿಯ ಸರಾಸರಿ. ಅದನ್ನು ತಂದು ಒಂದು ಬೇಲಿ ಒಳಗಿನ ರಾತ್ರಿಯ ಬಿಸಿಗೆ ಹೋಲಿಸುತ್ತೀರಾ? ಮೇಷ್ಟ್ರೇ, ಅಧ್ಯಯನ ಹೇಳುವಾಗ ಪೂರ್ತಿ ಹೇಳಿ. ಅದು ಮರುಭೂಮಿಯಲ್ಲಿ, ಸ್ಥಾವರದ ಒಳಗೇ ಅಳೆದಿದ್ದು. ಆಚೆ ಹೋಗುತ್ತಾ ಹೋಗುತ್ತಾ ಬಿಸಿ ಬೇಗ ಕರಗುತ್ತದೆ. ಬೇಲಿಯಾಚೆ ಹೊಲ ಸುಡುತ್ತದೆ ಅಂತ ಅದರಲ್ಲಿ ಎಲ್ಲೂ ಇಲ್ಲ. ಅಧ್ಯಯನವೇ ಬೇಕು ಅಂದರೆ 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದಿದ್ದು ಓದಿ. ಸಹಾರಾದಲ್ಲಿ ಸೋಲಾರ್, ಗಾಳಿಯಂತ್ರ ಹಾಕಿದರೆ ಮಳೆ ಜಾಸ್ತಿ ಆಗುತ್ತದೆ ಅಂತ ಬಂದಿದೆ. ಜಾಸ್ತಿ!

ಗಡಿನಾಡು_ರೈತ
ಪಾವಗಡ ಬಿಟ್ಟು ಸಹಾರಾಕ್ಕೆ ಓಡಿದಿರಲ್ಲ. ಮಳೆ ಜಾಸ್ತಿ ಆಗುತ್ತದಂತೆ. ಬನ್ನಿ ತೋರಿಸುತ್ತೇನೆ ನಮ್ಮ ಕೆರೆ. ಬೆಂಗಳೂರಿನ ಏಸಿ ರೂಮಿನಲ್ಲಿ ಕೂತು ಟೈಪ್ ಮಾಡುವುದು ಸುಲಭ.

ಮಧುಗಿರಿ_ಮೇಷ್ಟ್ರು
ಸಹಾರಾದ್ದು ಅಳತೆಯಲ್ಲ, ಕಂಪ್ಯೂಟರಿನಲ್ಲಿ ಮಾಡಿದ ಲೆಕ್ಕ. ಇಡೀ ಮರುಭೂಮಿ ಮುಚ್ಚಿದರೆ ಏನಾಗುತ್ತದೆ ಅಂತ ಊಹೆ. ನಾನು ಹೇಳಿದ್ದು ಥರ್ಮಾಮೀಟರ್ ಇಟ್ಟು ಅಳೆದಿದ್ದು. ವ್ಯತ್ಯಾಸ ತಿಳಿಯದವರ ಜೊತೆ ಏನು ಚರ್ಚೆ.

ಸುಮ್ನಿರಪ್ಪ
ಒಬ್ಬರ ಪ್ಯಾನೆಲ್ ಮಳೆ ಓಡಿಸುತ್ತದೆ, ಇನ್ನೊಬ್ಬರ ಪ್ಯಾನೆಲ್ ಮಳೆ ತರುತ್ತದೆ. ಇಬ್ಬರೂ ಮಾತಾಡಿಕೊಂಡು ಭಾನುವಾರಕ್ಕಾದರೂ ಒಂದು ಹದ ಮಳೆ ಕೊಡಿಸಿ. ಅವರೆ ಬಿತ್ತಬೇಕು.

ಹೊಸಕೋಟೆ_ಹುಡುಗಿ
ಎಲ್ಲರೂ ಸ್ವಲ್ಪ ನಿಲ್ಲಿಸ್ತೀರಾ? ಮಳೆ ಕಡಿಮೆ ಆಯ್ತೋ ಇಲ್ವೋ ಅನ್ನುವುದಕ್ಕೆ ಅರಿಜೋನಾಕ್ಕೆ ಹೋಗಬೇಕಾಗಿಲ್ಲ. ನಮ್ಮ ರಾಜ್ಯದಲ್ಲಿ ಪ್ರತಿ ಗ್ರಾಮ ಪಂಚಾಯಿತಿಗೂ ತಾನಾಗಿ ಲೆಕ್ಕ ಕಳಿಸುವ ಮಳೆಮಾಪಕ ಇದೆ. ದೇಶದಲ್ಲಿ ಬೇರೆ ಎಷ್ಟು ರಾಜ್ಯಗಳಲ್ಲಿ ಇದಿದೆ? ಬೆಳೆ ವಿಮೆಗೂ ಅದನ್ನೇ ನೋಡುತ್ತಾರೆ. 2018ಕ್ಕೆ ಮೊದಲು ಎಷ್ಟು, ಆಮೇಲೆ ಎಷ್ಟು ಅಂತ ತಿರುಮಣಿ, ವಳ್ಳೂರಿನ ಅಂಕಿ ತೆಗೆದು ಪಕ್ಕದ ಪಂಚಾಯಿತಿಗಳ ಜೊತೆ ಇಟ್ಟು ನೋಡಿದರೆ ಗೊತ್ತಾಗುತ್ತದೆ. ನನ್ನ ಪ್ರಶ್ನೆ ಇರುವುದೂ ಇಲ್ಲೇ. ಅಂಕಿ ಇದೆ, ಅದನ್ನು ನೋಡಿ ಕೆಲಸ ಮಾಡುವವರು ಪಂಚಾಯಿತಿಯಲ್ಲಿ ಯಾರೂ ಇಲ್ಲ.

ಗಡಿನಾಡು_ರೈತ
"ಬೆಳೆ ವಿಮೆ"ಯ ಸುದ್ದಿ ಎತ್ತಬೇಡಿ. ಕಡಲೆಕಾಯಿಗೆ ಕಂತು ಕಟ್ಟಿದೆ, ಗಿಡ ಒಣಗಿ ಕಡ್ಡಿಯಾಯಿತು. ಮಾಪಕದಲ್ಲಿ ಮಳೆ ತೋರಿಸಿದೆ ಅಂದರು. ಮಾಪಕ ಇರುವ ಊರಿನಲ್ಲಿ ಬಿದ್ದಿತ್ತು, ನನ್ನ ಹೊಲದಲ್ಲಿ ಬಿದ್ದಿರಲಿಲ್ಲ. ಮಳೆ ಏನು ಪಂಚಾಯಿತಿ ಗಡಿ ನೋಡಿಕೊಂಡು ಬೀಳುತ್ತದಾ?

ಕರೆಂಟ್_ಕಂಡೋನು
ಅಲ್ಲಿಗೆ ಬಂದಿರಿ. ಒಂದೇ ಪಂಚಾಯಿತಿಯಲ್ಲಿ ಒಂದು ಊರಿಗೆ ಮಳೆ, ಇನ್ನೊಂದಕ್ಕೆ ಇಲ್ಲ. ಅಂದರೆ ನಮ್ಮ ಸೀಮೆಯಲ್ಲಿ ಮಳೆ ಬೀಳುವುದೇ ಹಾಗೆ ಅಂತ ನೀವೇ ಹೇಳಿದಿರಿ. ಪ್ಯಾನೆಲ್ ತಪ್ಪೇನು?

ಗಡಿನಾಡು_ರೈತ
ಮಾತು ತಿರುಚಬೇಡ್ರೀ.

ಕುರಿ_ಕಾಯೋರ_ಮಗ
ಎಲ್ಲರೂ ಜಮೀನು ಇರುವವರೇ ಮಾತಾಡುತ್ತಿದ್ದೀರಿ. 21,000 ರೂಪಾಯಿ ಬಂದಿದ್ದು ಪಹಣಿಯಲ್ಲಿ ಹೆಸರು ಇರುವವರಿಗೆ. ನಮ್ಮಪ್ಪ ಆ ಬಯಲಲ್ಲೇ ಕುರಿ ಮೇಯಿಸಿ ನಮ್ಮನ್ನು ಸಾಕಿದ್ದು. ಪಹಣಿ ಇಲ್ಲ, ಹಾಗಾಗಿ ಬಾಡಿಗೆಯೂ ಇಲ್ಲ. ಕಳೆ ಕೀಳುವುದಕ್ಕೆ, ಕಡಲೆಕಾಯಿ ಬಿಡಿಸುವುದಕ್ಕೆ ಹೋಗುತ್ತಿದ್ದ ಹೆಂಗಸರಿಗೂ ಕೂಲಿ ಹೋಯಿತು. ಬೇಲಿ ಒಳಗೆ ಪ್ಯಾನೆಲ್ ತೊಳೆದ ನೀರು ಬೀಳುವ ಸಾಲಿನಲ್ಲಿ ಗರಿಕೆ ಮೊಣಕಾಲುದ್ದ ಬೆಳೆದಿರುತ್ತದೆ. ಹೊರಗೆ ನಮ್ಮ ಕುರಿಗಳು ತಂತಿ ಸಂದಿಯಲ್ಲಿ ಮೂತಿ ತೂರಿಸುತ್ತವೆ. ಬೇಲಿ ಉದ್ದಕ್ಕೂ ಉಣ್ಣೆ ಸಿಕ್ಕಿಕೊಂಡಿದೆ, ಬಂದು ನೋಡಿ. ಗರಿಕೆಯನ್ನು ಯಂತ್ರದಲ್ಲಿ ಕೊಯ್ದು ಅಲ್ಲೇ ಒಣಗಲು ಬಿಡುತ್ತಾರೆ. ಕುರಿ ಬಿಡಿ ಅಂತ ಕೇಳಿದ್ದಕ್ಕೆ ಒಂದು ಕಂಪನಿಯ ಸೆಕ್ಯುರಿಟಿಯವನು ವೈರ್ ಕಡಿಯುತ್ತವೆ ಅಂದ.

ಕರೆಂಟ್_ಕಂಡೋನು
"ಪ್ಯಾನೆಲ್ ತೊಳೆದ ನೀರು" ಅಂತ ಎಲ್ಲರೂ ಹೇಳುತ್ತಾರೆ. ಈಗ ನೀರೇ ಇಲ್ಲದೆ ಬ್ರಷ್ ಹೊಡೆಯುವ ರೋಬೋ ಬಂದಿವೆ. ಒಂದು ಎಕರೆ ಅಡಿಕೆಗೆ ಬಿಡುವ ನೀರಿನ ಮುಂದೆ ಪ್ಯಾನೆಲ್ ತೊಳೆಯುವ ನೀರು ಏನೂ ಅಲ್ಲ.

ತಿಪಟೂರು_ತೆಂಗು
ಅಡಿಕೆ ಯಾಕೆ ಮಧ್ಯೆ ತಂದಿರಿ? ಅಡಿಕೆ ಬೆಳೆಯುವವರು ಏನು ಪಾಪ ಮಾಡಿದ್ದಾರೆ?

ಕರೆಂಟ್_ಕಂಡೋನು
ಉದಾಹರಣೆಗೆ ಹೇಳಿದೆ ಸ್ವಾಮಿ. ತೆಂಗು ಅನ್ನಲಿಲ್ಲವಲ್ಲ, ಸಂತೋಷಪಡಿ.

ಕುರಿ_ಕಾಯೋರ_ಮಗ
ನಾನು ಕೇಳಿದ್ದು ಮೇವು. ಉತ್ತರ ಬಂದಿದ್ದು ರೋಬೋ.

ಕೋಲಾರದ_ಮಾವು
ನಿಮ್ಮದು ಬರೀ ಬಿಸಿ ಜಗಳ. ನಮಗೆ ಸರ್ಕಾರ ಕೊಟ್ಟಿದ್ದು ಬೆಂಗಳೂರಿನ ಕೊಳಚೆ. ಕೆ.ಸಿ. ವ್ಯಾಲಿಯಿಂದ (ಕೋರಮಂಗಲ-ಚಲ್ಲಘಟ್ಟ ಕಣಿವೆ) ನಮ್ಮ ಕೆರೆಗಳಿಗೆ ದಿನಕ್ಕೆ 440 ದಶಲಕ್ಷ ಲೀಟರ್ ಅಂತ 2018ರಲ್ಲಿ ಶುರು ಮಾಡಿದರು. ಎರಡು ಹಂತ ಮಾತ್ರ ಶುದ್ಧ ಮಾಡಿ ಬಿಡುತ್ತಾರೆ, ಮೂರನೇ ಹಂತ ಮಾಡಿ ಅಂತ ಆಗಿನಿಂದಲೂ ಕೇಳುತ್ತಿದ್ದೇವೆ. ಮೊದಲ ವರ್ಷವೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತ್ತು. ಹೈಕೋರ್ಟು, ಸುಪ್ರೀಂ ಕೋರ್ಟು ಎಲ್ಲಾ ಆಯಿತು. ಚಿಕ್ಕಬಳ್ಳಾಪುರಕ್ಕೆ ಎಚ್.ಎನ್. ವ್ಯಾಲಿ (ಹೆಬ್ಬಾಳ-ನಾಗವಾರ) ನೀರು, ಅದೂ ಅದೇ ಕಥೆ. ಇದನ್ನೂ ಬರಕ್ಕೆ ತಯಾರಿ ಅಂತಲೇ ಕರೆಯುತ್ತಾರೆ.

ಮಧುಗಿರಿ_ಮೇಷ್ಟ್ರು
ನೀರು ಬಂತಲ್ಲ ಸ್ವಾಮಿ, ಅದನ್ನು ಹೇಳಿ. ಕೋಲಾರದಲ್ಲಿ ಸಾವಿರ ಅಡಿಗೂ ನೀರಿಲ್ಲದ ಬೋರುಗಳಲ್ಲಿ ಮತ್ತೆ ನೀರು ಬಂದಿದ್ದು ಆ ಕೆರೆಗಳು ತುಂಬಿದ ಮೇಲೆ.

ಕೋಲಾರದ_ಮಾವು
ಬೋರಿನಲ್ಲಿ ಬಂದಿದೆ. ಕುಡಿಯುತ್ತೀರಾ? ಒಂದು ಲೋಟ ಕಳಿಸುತ್ತೇನೆ, ಮಧುಗಿರಿ ಬೆಟ್ಟ ಹತ್ತುವ ಮೊದಲು ಕುಡಿದು ಹತ್ತಿ.

ಮಧುಗಿರಿ_ಮೇಷ್ಟ್ರು
ಅಸಭ್ಯವಾಗಿ ಮಾತಾಡುವವರಿಗೆ ಉತ್ತರ ಕೊಡುವುದಿಲ್ಲ. ಮತ್ತೆ ಮೂಲ ವಿಷಯಕ್ಕೆ ಬರೋಣ, ಅಂದರೆ ಬಿಸಿ. ಪ್ಯಾನೆಲ್ ಬಣ್ಣ ಕಡುನೀಲಿ, ಬಹುತೇಕ ಕಪ್ಪು. ಬಿದ್ದ ಬಿಸಿಲಿನಲ್ಲಿ ಐದರಲ್ಲಿ ಒಂದು ಪಾಲು ಕರೆಂಟ್ ಆಗುತ್ತದೆ. ಉಳಿದದ್ದರಲ್ಲಿ ಸ್ವಲ್ಪ ಹಿಂದಕ್ಕೆ ಹೋಗುತ್ತದೆ, ಮಿಕ್ಕಿದ್ದೆಲ್ಲ ಬಿಸಿ. ಮೊದಲು ಅಲ್ಲಿ ಗಿಡ, ಹುಲ್ಲು, ಬೆಳೆ ಇದ್ದವು. ಗಿಡ ನೀರು ಬಿಟ್ಟು ಗಾಳಿಯನ್ನು ತಣ್ಣಗೆ ಮಾಡುತ್ತಿತ್ತು. ಅದು ಹೋಯಿತು. ಇದು ಎಂಟನೇ ಕ್ಲಾಸಿನ ಪಾಠ.

ಕರೆಂಟ್_ಕಂಡೋನು
"ಗಿಡ, ಹುಲ್ಲು, ಬೆಳೆ ಇದ್ದವು" ಅಂತೆ! ಏಪ್ರಿಲ್‌ನಲ್ಲಿ ಪಾವಗಡದಲ್ಲಿ ಯಾವ ಹುಲ್ಲು ಮೇಷ್ಟ್ರೇ? ಬರೀ ಕೆಂಪು ನೆಲ, ಕಲ್ಲು. ಆ ನೆಲ ಹಗಲೆಲ್ಲ ಬಿಸಿ ಕುಡಿದು ರಾತ್ರಿಯೆಲ್ಲ ಬಿಡುತ್ತದೆ. ಪ್ಯಾನೆಲ್ ತೆಳ್ಳಗಿನ ಗಾಜು, ಸೂರ್ಯ ಮುಳುಗಿದ ಮೇಲೆ ಬೇಗ ತಣ್ಣಗಾಗುತ್ತದೆ. ಕೆಳಗೆ ನೆರಳಿರುತ್ತದೆ. ಸಂಜೆ ಹೋಗಿ ಕೈಯಿಟ್ಟು ನೋಡಿ.

ಮಧುಗಿರಿ_ಮೇಷ್ಟ್ರು
ಬೇಗ ತಣ್ಣಗಾದರೆ ಅರಿಜೋನಾದಲ್ಲಿ ರಾತ್ರಿ 4 ಡಿಗ್ರಿ ಎಲ್ಲಿಂದ ಬಂತು?

ಕರೆಂಟ್_ಕಂಡೋನು
ಅರಿಜೋನಾದ್ದು ಅರಿಜೋನಾದವರನ್ನು ಕೇಳಿ.

ಸುಮ್ನಿರಪ್ಪ
ಮೇಲೆ ನೋಡಿದೆ, ಸಹಾರಾದ್ದನ್ನು ಮಾತ್ರ ಪಾವಗಡದವರು ಕೇಳಬಹುದಂತೆ.

ಗಡಿನಾಡು_ರೈತ
2023ರಲ್ಲಿ ಏನಾಯಿತು ಹೇಳಿ. ಆಗಸ್ಟ್ ಪೂರ್ತಿ ಒಣಗಿತು. ಇದ್ದ ಎರಡು ಎತ್ತು ಮಾರಿದೆ. ಪಾರ್ಕ್ ಬಂದು ಐದು ವರ್ಷಕ್ಕೇ ಆ ಗತಿ.

ಕರೆಂಟ್_ಕಂಡೋನು
2023ರಲ್ಲಿ ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಘೋಷಣೆ ಆಯಿತು. ಮಲೆನಾಡೂ ಅದರಲ್ಲಿತ್ತು. ಅಲ್ಲೆಲ್ಲ ಯಾರು ಪ್ಯಾನೆಲ್ ಹಾಕಿದ್ದರು? ಅದು ಎಲ್ ನಿನೊ ವರ್ಷ, ಅಂದರೆ ಪೆಸಿಫಿಕ್ ಸಾಗರ ಬಿಸಿಯಾಗಿ ನಮ್ಮ ಮುಂಗಾರು ಸೊರಗುವ ವರ್ಷ. ಅದೇ ಪಾರ್ಕ್ ಇರುವಾಗಲೇ 2022ರಲ್ಲಿ ತುಮಕೂರು ಜಿಲ್ಲೆಯಲ್ಲಿ ಕೆರೆಗಳು ಕೋಡಿ ಬಿದ್ದು ರಸ್ತೆ ಕೊಚ್ಚಿಹೋಗಿದ್ದು ಮರೆತಿರಾ? ಆ ವರ್ಷ ಪ್ಯಾನೆಲ್ ರಜೆ ಹಾಕಿತ್ತಾ?

ಗಡಿನಾಡು_ರೈತ
2022ರದ್ದು ಎಲ್ಲಾ ಕಡೆ ಬಿದ್ದ ಮಳೆ. ಅದನ್ನು ತಡೆಯುವುದು ಯಾರಿಂದಲೂ ಆಗುತ್ತಿರಲಿಲ್ಲ.

ಕರೆಂಟ್_ಕಂಡೋನು
ಎಲ್ಲಾ ಕಡೆ ಮಳೆ ಬಿದ್ದರೆ ಪ್ರಕೃತಿ. ಎಲ್ಲಾ ಕಡೆ ಬರ ಬಿದ್ದರೆ ಪ್ಯಾನೆಲ್. ಚೆನ್ನಾಗಿದೆ.

ಗಡಿನಾಡು_ರೈತ
ನೀನು ಯಾವ ಊರಿನವನಯ್ಯಾ ಮೊದಲು ಹೇಳು.

ಕರೆಂಟ್_ಕಂಡೋನು
ಶಿರಾ. ಏಸಿ ರೂಮೂ ಇಲ್ಲ, ಫ್ಯಾನು.

ಗಡಿನಾಡು_ರೈತ
ಶಿರಾ! ಹೇಮಾವತಿ ನೀರು ಕುಡಿದುಕೊಂಡು ಪಾವಗಡದವರಿಗೆ ಬುದ್ಧಿ ಹೇಳಲು ಬಂದಿದ್ದೀಯ. ನಮ್ಮ ಮಕ್ಕಳ ಹಲ್ಲು ನೋಡಿದ್ದೀಯಾ, ಫ್ಲೋರೈಡ್ ನೀರು ಕುಡಿದು ಹಳದಿಯಾಗಿವೆ.

ಕರೆಂಟ್_ಕಂಡೋನು
ಏಕವಚನ ಬೇಡ ಅಣ್ಣ. ಶಿರಾಕ್ಕೆ ಹೇಮಾವತಿ ಎಷ್ಟು ದಿನ ಬರುತ್ತದೆ ಅಂತ ನನಗೆ ಗೊತ್ತು. ಫ್ಲೋರೈಡ್ ಪ್ಯಾನೆಲ್‌ನಿಂದ ಬಂದಿದ್ದಲ್ಲ ಅಂತಾದರೂ ಒಪ್ಪುತ್ತೀರಾ?

ತಿಪಟೂರು_ತೆಂಗು
2023ರ ಬರ ಅಂತ ಹೇಳಿದಿರಲ್ಲ, ಅದನ್ನೇ ಮುಂದುವರಿಸಿ. ರಾಜ್ಯ ಕೇಳಿದ್ದು 18,171 ಕೋಟಿ. ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ 2024ರ ಏಪ್ರಿಲ್‌ನಲ್ಲಿ ಕೇಂದ್ರ ಕೊಟ್ಟಿದ್ದು 3,454 ಕೋಟಿ. ಭದ್ರಾ ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಅಂತ ಓದಿದರು, ಅಷ್ಟೇ. ಪಾವಗಡ, ಶಿರಾ ಎರಡಕ್ಕೂ ಬರಬೇಕಾದ ನೀರು ಅದು. ಬಾಕುವಿನಲ್ಲಿ ಶ್ರೀಮಂತ ದೇಶಗಳು ನಮಗೆ ಮಾಡಿದ್ದನ್ನೇ ದೆಹಲಿ ರಾಜ್ಯಕ್ಕೆ ಮಾಡುತ್ತದೆ.

ಮಧುಗಿರಿ_ಮೇಷ್ಟ್ರು
ಮೊದಲು ಅಮೆರಿಕ ಅಂದಿರಿ, ಈಗ ದೆಹಲಿ. ಇನ್ನೊಂದು ಮೆಟ್ಟಿಲು ಇಳಿದು ವಿಧಾನಸೌಧ, ಆಮೇಲೆ ಜಿಲ್ಲಾ ಪಂಚಾಯಿತಿ ಅನ್ನಿ ನೋಡೋಣ. ಅಲ್ಲಿಗೆ ಬಂದಾಗ ಮಾತ್ರ ನಿಮ್ಮ ಬಾಯಿ ಕಟ್ಟುತ್ತದೆ.

ತಿಪಟೂರು_ತೆಂಗು
ಜಿಲ್ಲಾ ಪಂಚಾಯಿತಿಗೆ ಚುನಾವಣೆಯೇ ಮಾಡದೆ ಅಧಿಕಾರಿಗಳ ಕೈಗೆ ಕೊಟ್ಟು ವರ್ಷಗಳಾದವು. ಯಾರನ್ನು ಕೇಳಲಿ ಮೇಷ್ಟ್ರೇ? ಖಾಲಿ ಕುರ್ಚಿಯನ್ನಾ?

ಹೊಸಕೋಟೆ_ಹುಡುಗಿ
ತಿಪಟೂರಿನವರು ಕೊನೆಗೆ ಹೇಳಿದ್ದು ನನ್ನ ಪ್ರಶ್ನೆಗೆ ಹತ್ತಿರ ಬಂತು. 2,050 ಮೆಗಾವ್ಯಾಟ್ ಪಕ್ಕದಲ್ಲೇ ಇದ್ದರೂ 2023ರಲ್ಲಿ ಪಂಪ್‌ಸೆಟ್‌ಗೆ ದಿನಕ್ಕೆ ಐದು ಗಂಟೆ ಕರೆಂಟ್ ಅಂತ ಇಳಿಸಿದ್ದರು, ಗಲಾಟೆ ಆದ ಮೇಲೆ ಏಳು ಮಾಡಿದರು. ಟ್ಯಾಂಕರ್, ಗೋಶಾಲೆ, ಮೇವು ಬ್ಯಾಂಕ್ ಎಲ್ಲಾ ಬರ ಘೋಷಣೆ ಆದ ಮೇಲೆ ಶುರುವಾಗುತ್ತದೆ. ಮೊದಲೇ ಮಾಡಿಕೊಳ್ಳಬಾರದಾ? ಕುರಿ ಕಾಯೋರ ಮಗ ಹೇಳಿದ ಗರಿಕೆಯನ್ನು ಪಂಚಾಯಿತಿ ಕೇಳಿ ತಗೊಂಡು ಮೇವು ಬ್ಯಾಂಕಿಗೆ ಹಾಕಬಹುದಲ್ವಾ? ಇದಕ್ಕೆ ಪ್ಯಾರಿಸ್ ಬೇಕಾಗಿಲ್ಲ. 2024ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮದಿಂದ ರಕ್ಷಣೆ ಪಡೆಯುವುದು ಸಂವಿಧಾನ ಕೊಟ್ಟ ಹಕ್ಕು ಅಂತ ಹೇಳಿದೆ. ಹಕ್ಕು ಅಂದ ಮೇಲೆ ಗ್ರಾಮಸಭೆಯಲ್ಲಿ ಕೇಳಿದರೆ ನಗಬಾರದು.

ಕರೆಂಟ್_ಕಂಡೋನು
ಆ "ಸುಪ್ರೀಂ ಕೋರ್ಟ್" ತೀರ್ಪು ಯಾವ ಕೇಸಿನಲ್ಲಿ ಬಂದಿದ್ದು ಗೊತ್ತಾ ಮೇಡಂ? ರಾಜಸ್ಥಾನ, ಗುಜರಾತಿನ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಕೇಸು. ಸೋಲಾರ್ ಲೈನಿಗೆ ಹಕ್ಕಿ ಬಡಿದು ಸಾಯುತ್ತವೆ ಅಂತ ಹಿಂದೆ ಹಾಕಿದ್ದ ನಿರ್ಬಂಧವನ್ನು ಅದರಲ್ಲೇ ಸಡಿಲ ಮಾಡಿದರು. ದೇಶಕ್ಕೆ ಸೋಲಾರ್ ಬೇಕು ಅಂತ ಆ ತೀರ್ಪೇ ಹೇಳುತ್ತದೆ. ನನ್ನ ಪರವಾಗಿ ಸಾಕ್ಷಿ ತಂದಿದ್ದಕ್ಕೆ ಥ್ಯಾಂಕ್ಸ್.

ಹೊಸಕೋಟೆ_ಹುಡುಗಿ
ಸೋಲಾರ್ ಬೇಡ ಅಂತ ನಾನು ಎಲ್ಲಿ ಹೇಳಿದೆ?

ಗಡಿನಾಡು_ರೈತ
ನೋಡಿ, ಹಕ್ಕಿಗೂ ಕೇಸು ಹಾಕುವವರಿದ್ದಾರೆ. ರೈತನಿಗೆ ಯಾರಿದ್ದಾರೆ?

ಮಧುಗಿರಿ_ಮೇಷ್ಟ್ರು
ಇನ್ನೊಂದು ವಿಷಯ. "ವಿದ್ಯುತ್ ಸಾಮರ್ಥ್ಯದ ಅರ್ಧ ಮುಟ್ಟಿಯಾಯಿತು" ಅಂತ ಮೊದಲನೇ ಪೋಸ್ಟಿನಲ್ಲಿ ಇದೆ. ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ದೇಶದಲ್ಲಿ ನಿಜವಾಗಿ ಉತ್ಪಾದನೆ ಆಗುವ ಕರೆಂಟಿನಲ್ಲಿ ಮುಕ್ಕಾಲು ಪಾಲಿನ ಹತ್ತಿರ ಈಗಲೂ ಕಲ್ಲಿದ್ದಲೇ. ಸಂಜೆ ಆರಾದ ಮೇಲೆ ಪಾವಗಡ ಸೊನ್ನೆ, ರಾಯಚೂರು ಉರಿಯಬೇಕು.

ಕರೆಂಟ್_ಕಂಡೋನು
ಅದಕ್ಕೇ ಬ್ಯಾಟರಿ, ಶರಾವತಿ ಪಂಪ್ಡ್ ಸ್ಟೋರೇಜ್ (ಕರೆಂಟ್ ಹೆಚ್ಚಿದ್ದಾಗ ನೀರನ್ನು ಮೇಲಕ್ಕೆ ಪಂಪ್ ಮಾಡಿಟ್ಟು, ಬೇಕಾದಾಗ ಇಳಿಸಿ ಕರೆಂಟ್ ತೆಗೆಯುವುದು) ಅಂತ ಮಾತಾಡುತ್ತಿರುವುದು. ಶರಾವತಿ ಅಂದ ತಕ್ಷಣ ಕಾಡು ಹೋಗುತ್ತದೆ ಅಂತ ಇನ್ನೊಂದು ಗುಂಪು ಬರುತ್ತದೆ. ಕಲ್ಲಿದ್ದಲು ಬೇಡ, ಪ್ಯಾನೆಲ್ ಬೇಡ, ಡ್ಯಾಮ್ ಬೇಡ. ಫ್ರಿಜ್ ಮಾತ್ರ ಬೇಕು.

ಕೋಲಾರದ_ಮಾವು
ಕಾಡು ಅಂದಿರಿ, ಎತ್ತಿನಹೊಳೆ ನೆನಪಾಯಿತು. ನಮ್ಮ ಕಡೆಗೆ ನೀರು ತರುತ್ತೇವೆ ಅಂತ ಪಶ್ಚಿಮ ಘಟ್ಟ ಅಗೆದು 23,000 ಕೋಟಿ ದಾಟಿದ ಯೋಜನೆ. 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದಲ್ಲಿ ಬಾಗಿನ ಕೊಟ್ಟರು. ಕೋಲಾರಕ್ಕೆ ಇನ್ನೂ ಬರುತ್ತಲೇ ಇದೆ.

ಸುಮ್ನಿರಪ್ಪ
ದಾರಿಯಲ್ಲಿ ನಮ್ಮ ತುಮಕೂರು ಜಿಲ್ಲೆಯೇ ಸಿಗುತ್ತದೆ. ಒಂದು ಲೋಟ ಹಿಡಿದುಕೊಂಡರೆ ಬೇಜಾರು ಮಾಡಿಕೊಳ್ಳಬೇಡಿ.

ಅಂದ ಹಾಗೆ ರೈತಣ್ಣ, ಒಂದು ಮಾತು ಕೇಳಬೇಕಿತ್ತು. ಬೇಲಿಗೆ ಅಂಟಿಕೊಂಡ ಹೊಲ ಅಂದಿರಿ. ಬೇಲಿ ಒಳಗಿರುವುದು ಯಾರ ಹೊಲ?

ಗಡಿನಾಡು_ರೈತ
ಒಳಗೂ ನಂದೇ ಐದು ಎಕರೆ ಇದೆ. ಅದಕ್ಕೇನೀಗ?

ಕರೆಂಟ್_ಕಂಡೋನು
ಓಹೋ! ಇಷ್ಟು ಹೊತ್ತು ಹೇಳಲೇ ಇಲ್ಲ. ವರ್ಷ ವರ್ಷ ಬಾಡಿಗೆ ತಗೊಂಡು ಪ್ಯಾನೆಲ್ಲನ್ನು ಬೈಯುತ್ತಿದ್ದೀರಿ.

ಗಡಿನಾಡು_ರೈತ
ಬಾಡಿಗೆ ತಗೊಂಡರೆ ಸೆಖೆ ಆಗಬಾರದು ಅಂತ ಅಗ್ರಿಮೆಂಟಿನಲ್ಲಿ ಬರೆದಿದೆಯಾ? ಸಾಲ ಇತ್ತು, ಕೊಟ್ಟೆ. ಇಪ್ಪತ್ತೆಂಟು ವರ್ಷಕ್ಕೆ ಬರೆದುಕೊಟ್ಟಿದ್ದೇನೆ. ಬಾಡಿಗೆ ಕೊಟ್ಟಿದ್ದು ನೆಲಕ್ಕೆ, ಗಾಳಿಗಲ್ಲ. ಇನ್ನೊಂದು ಲೆಕ್ಕ ಹೇಳುತ್ತೇನೆ ಕೇಳಿ, ನೀವು ಶೇ. 5 ಅಂತ ಹೆಮ್ಮೆಯಿಂದ ಬರೆದಿರಲ್ಲ. 21,000 ಐದು ಸಲ ಏರಿದರೂ 26,800 ಆಗುತ್ತದೆ. ಅಂದರೆ ಹತ್ತು ವರ್ಷಕ್ಕೆ ಐದು ಸಾವಿರದ ಎಂಟುನೂರು ಏರಿಕೆ. ಈ ಹತ್ತು ವರ್ಷದಲ್ಲಿ ಗೊಬ್ಬರ, ಅಕ್ಕಿ, ಮಕ್ಕಳ ಫೀಸು ಎಷ್ಟು ಏರಿದೆ? ಪ್ಯಾನೆಲ್ ಕಂಪನಿಗೆ ಬಿಸಿಲು ಬಿಟ್ಟಿ, ನೆಲ ಬಿಟ್ಟಿಗೆ ಹತ್ತಿರ.

ಕರೆಂಟ್_ಕಂಡೋನು
ಅದಕ್ಕೂ ಬಿಸಿಗೂ ಏನು ಸಂಬಂಧ?

ಕುರಿ_ಕಾಯೋರ_ಮಗ
ಐದು ಎಕರೆಗೆ 26,800ರ ಲೆಕ್ಕದಲ್ಲಿ 1,34,000. ಸೊನ್ನೆ ಎಕರೆಗೆ ಎಷ್ಟಾಗುತ್ತದೆ ಅಂತ ಯಾರಾದರೂ ಗುಣಿಸಿ ಹೇಳಿ.

ಗಡಿನಾಡು_ರೈತ
ನಿನ್ನ ಮೇಲೆ ನನಗೇನು ಸಿಟ್ಟಿಲ್ಲ ಕಣಪ್ಪ. ನಿನ್ನ ಕುರಿ ನನ್ನ ಹೊಲದ ಬದುವಿನಲ್ಲೇ ಮೇಯುತ್ತವೆ, ಯಾವತ್ತಾದರೂ ಬೇಡ ಅಂದಿದ್ದೀನಾ? ನನ್ನ ಜಗಳ ಆ ಶಿರಾದವರ ಜೊತೆ.

ಕರೆಂಟ್_ಕಂಡೋನು
ಸರಿ, ಜಗಳ ಬೇಡ, ಪಂದ್ಯ ಕಟ್ಟೋಣ. ನಿಮ್ಮ ಹೊಲದಲ್ಲಿ ಒಂದು ಥರ್ಮಾಮೀಟರ್, ಪಾರ್ಕಿನಿಂದ ಹತ್ತು ಕಿಲೋಮೀಟರ್ ಆಚೆ ಇನ್ನೊಂದು. ಬೇಸಿಗೆ ಪೂರ್ತಿ ಬರೆದಿಡೋಣ. ಖರ್ಚು ನಂದು.

ಮಧುಗಿರಿ_ಮೇಷ್ಟ್ರು
ನೇರ ಬಿಸಿಲಿಗೆ ಇಡುವಂತಿಲ್ಲ. ಗಾಳಿಯಾಡುವ ಬಿಳಿ ಪೆಟ್ಟಿಗೆ ಮಾಡಿಸಿ, ನೆಲದಿಂದ ನಾಲ್ಕಡಿ ಮೇಲೆ, ಅದರೊಳಗಿನ ನೆರಳಿನಲ್ಲಿ ಇಡಬೇಕು. ರಾತ್ರಿಯೂ ಓದಬೇಕು. ಹಗಲು ಮಾತ್ರ ಓದಿ ಗೆದ್ದೆ ಅಂದರೆ ನಾನು ಒಪ್ಪುವುದಿಲ್ಲ.

ಗಡಿನಾಡು_ರೈತ
ನೆರಳಿನಲ್ಲಿ ಇಟ್ಟು ಅಳೆಯುವುದಾ? ನಾವು ಕೆಲಸ ಮಾಡುವುದು ಬಿಸಿಲಿನಲ್ಲಿ ಸ್ವಾಮಿ. ನೆರಳಿನ ಲೆಕ್ಕ ನನಗ್ಯಾಕೆ?

ಕರೆಂಟ್_ಕಂಡೋನು
ಪ್ರಪಂಚದಲ್ಲೆಲ್ಲ ಹಾಗೇ ಅಳೆಯುವುದು ಅಣ್ಣ.

ಗಡಿನಾಡು_ರೈತ
ಪ್ರಪಂಚದವರಿಗೆ ಹೇಳಿ, ಪೆಟ್ಟಿಗೆ ಸ್ವಲ್ಪ ದೊಡ್ಡದು ಮಾಡಲಿ. ನಾನೂ ಒಳಗೆ ಕೂರುತ್ತೇನೆ.

ಸುಮ್ನಿರಪ್ಪ
ಹತ್ತು ಕಿಲೋಮೀಟರ್ ಆಚೆಯ ಥರ್ಮಾಮೀಟರ್ ಓದುವವರು ಯಾರು? ರಾತ್ರಿ ಹೋಗಬೇಕು ಅಂತ ಬೇರೆ ಹೇಳುತ್ತಿದ್ದಾರೆ.

ಮಧುಗಿರಿ_ಮೇಷ್ಟ್ರು
ನನಗೆ ಮಂಡಿನೋವು. ನಾನು ಬರುವುದಿಲ್ಲ.